ಮಾವನ ಮೂರು ಲಕೋಟೆ

ಕಂಪ್ಯೂಟರ್ ಕೇಳಿದ ಪ್ರಶ್ನೆಗೆ ನಿಮ್ಮಲ್ಲಿ ಯಾರಾದರೂ ಕುರ್ಚಿಯಿಂದ ಎದ್ದು ನಿಂತು ಉತ್ತರ ಕೊಟ್ಟಿದ್ದೀರಾ? ನಮ್ಮ ಮಾವ ಕೊಟ್ಟಿದ್ದಾರೆ! ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಮಾತಿನಲ್ಲಿ ನಂಬಿಕೆ ಇಲ್ಲದಿದ್ದರೆ ಪೀಣ್ಯದಲ್ಲಿ ಸ್ಪ್ರಿಂಗ್ ಮಾಡುವ ಆ ಸಣ್ಣ ಫ್ಯಾಕ್ಟರಿಗೆ ಹೋಗಿ ವಿಚಾರಿಸಿ. ಅಲ್ಲಿನ ಕೆಲಸಗಾರರು ಇವತ್ತಿಗೂ ಎದ್ದು ನಿಂತು ನಟಿಸಿ ತೋರಿಸುತ್ತಾರೆ.

ಮಾವ ಅಂದರೆ ನಮ್ಮಮ್ಮನ ಅಣ್ಣ. ಮಾಕಳಿಯವರು. ಹೆಸರು ಬರೆಯುವುದಿಲ್ಲ. ಬರೆದರೆ ಮುಗಿಯಿತು, "ಬರೆಯೋಕ್ ಮುಂಚೆ ನನ್ನ ಒಂದ್ ಮಾತು ಕೇಳಿದ್ಯಾ, ಅಮ್ಮಣ್ಣಿ?" ಅಂತ ಆರು ತಿಂಗಳು ಮುನಿಸಿಕೊಳ್ಳುತ್ತಾರೆ. ಹಾಗಾದರೆ ಹೆಸರಿಲ್ಲದೆ ಬರೆಯುವುದಕ್ಕಾದರೂ ಕೇಳಿದೆಯಾ ಅಂತ ನೀವು ಆಕ್ಷೇಪಿಸಬಹುದು. ಇಲ್ಲ, ಕೇಳಿಲ್ಲ. ಆದರೆ ಮಾವ ಏನನ್ನೇ ಓದಲು ಹಿಡಿದರೂ ಎರಡನೇ ಸಾಲಿಗೇ ತಲೆಯೆತ್ತಿ ಕಿಟಕಿಯಾಚೆ ನೋಡಲು ಶುರು ಮಾಡುತ್ತಾರೆ. ಇಲ್ಲಿಯವರೆಗೆ ಬರುವುದಿಲ್ಲ ಅನ್ನುವ ಧೈರ್ಯ ನನಗಿದೆ.

ನಿಜ ಹೇಳಬೇಕೆಂದರೆ ಕಿಟಕಿಯಾಚೆ ನೋಡುವುದೇ ಮಾವನ ಮುಖ್ಯ ಉದ್ಯೋಗ. ಉಪ ಉದ್ಯೋಗ ಡಿಸ್ಪ್ಯಾಚ್. ತಯಾರಾದ ಸ್ಪ್ರಿಂಗುಗಳನ್ನು ಎಣಿಸಿ, ಚೀಲಕ್ಕೆ ತುಂಬಿಸಿ, ಯಾವ ಊರಿನ ಯಾವ ಕಂಪನಿಗೆ ಹೋಗಬೇಕೋ ಅಲ್ಲಿಗೆ ಕಳಿಸುವುದು, ಕಳಿಸಿದ್ದೇವೆ ಅಂತ ಕಾಗದ ಬರೆಯುವುದು. ಅವರ ಮೇಜು ಷೆಡ್ಡಿನ ಮೂಲೆಯಲ್ಲಿತ್ತು. ಪಕ್ಕದಲ್ಲಿ ಕಿಟಕಿ, ಕಿಟಕಿಯಾಚೆ ಕಾಂಪೌಂಡಿಗೆ ಒರಗಿಕೊಂಡ ಒಂದು ಹೊಂಗೆಮರ. ಒಳಗೆ ಬೆಳಗಿನಿಂದ ಸಂಜೆಯವರೆಗೆ ಪ್ರೆಸ್ ಮಷೀನು ಧಡಕ್ ಧಡಕ್ ಅನ್ನುತ್ತಿತ್ತು. ನನಗೆ ಹತ್ತು ನಿಮಿಷಕ್ಕೇ ತಲೆನೋವು. ಮಾವನಿಗೆ ಅದು ಜೋಗುಳ. ಕರೆಂಟು ಹೋಗಿ ಮಷೀನು ನಿಂತರೆ ಬೆಚ್ಚಿಬಿದ್ದು ಎಚ್ಚರವಾಗುತ್ತಿದ್ದರು. ಹೊಂಗೆ ಹೂ ಬಿಡುವ ಕಾಲದಲ್ಲಂತೂ ಕಿಟಕಿಯಿಂದ ಬಿದ್ದ ಹೂ ಮೇಜಿನ ಮೇಲೆ, ಚಲನ್ ಪುಸ್ತಕದ ಮೇಲೆ, ಮಾವನ ಅರೆನರೆತ ತಲೆಯ ಮೇಲೆ ಕೂತಿರುತ್ತಿತ್ತು. ಯಾರೂ ಕೊಡವುತ್ತಿರಲಿಲ್ಲ.

ಇಂಥವರ ಮೇಜಿನ ಮೇಲೆ ಮಾಲೀಕರು ಒಂದು ದಿನ ಕಂಪ್ಯೂಟರ್ ತಂದಿಟ್ಟರು. ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಎಲ್ಲರೂ ಮೇಲೆ ಮೇಲೆ ಹೋಗುತ್ತಿರುವಾಗ ನಾವು ಮಾತ್ರ ಕಾಗದ ಅಂಚೆಗೆ ಹಾಕುತ್ತ ಕೂತರೆ ಹೇಗೆ ಅಂತ ಅವರಿಗೆ ಅನ್ನಿಸಿತಂತೆ. ಆ ಕಂಪ್ಯೂಟರನ್ನು ಜೋಡಿಸಿಕೊಟ್ಟ ಪುಣ್ಯಾತ್ಮ ಕೈಗೆ ಸಿಕ್ಕಿದ ಮೇಲ್ ಪ್ರೋಗ್ರಾಮನ್ನೆಲ್ಲ ಅದರೊಳಗೆ ತುಂಬಿ ಹೋಗಿದ್ದ. ಹಾಗಾಗಿ ಏನಾಗುತ್ತಿತ್ತು ಅಂದರೆ, ಮಾವ ಯಾವುದಾದರೂ ಕಂಪನಿಯ ವೆಬ್‌ಸೈಟಿಗೆ ಹೋಗಿ ಅಲ್ಲಿ ಅಡಿಗೆರೆ ಎಳೆದಿದ್ದ ಇ-ಮೇಲ್ ವಿಳಾಸದ ಮೇಲೆ ಒತ್ತಿದ ಕೂಡಲೇ ಪರದೆಯ ನಡುವೆ ಒಂದು ಪುಟ್ಟ ಚೌಕ ಬರುತ್ತಿತ್ತು. ಇದನ್ನು ಯಾವುದರಲ್ಲಿ ತೆರೆಯಲಿ ಅಂತ ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಕೆಳಗೆ ಮೂರು ಲಕೋಟೆಯ ಚಿತ್ರ: ಒಂದು ನೀಲಿ, ಒಂದು ಹಳದಿ, ಒಂದು ಕೆಂಪು. ನೀವೂ ನಾನೂ ಆದರೆ ಏನು ಮಾಡುತ್ತೇವೆ? ಯಾವುದೋ ಒಂದನ್ನು ಒತ್ತಿ ಮುಂದೆ ಹೋಗುತ್ತೇವೆ.

ಮಾವ ಎದ್ದು ನಿಲ್ಲುತ್ತಿದ್ದರು!

ಅಮ್ಮ ಕಳಿಸಿದ ಹುರಿಹಿಟ್ಟಿನ ಡಬ್ಬಿ ಕೊಡಲು ಹೋದಾಗ ನಾನು ಇದನ್ನು ಮೊದಲ ಸಲ ನೋಡಿದೆ. ಚೌಕ ಬಂತು. ಮಾವ ಎದ್ದರು. ಲುಂಗಿಯಾಗಿದ್ದರೆ ಇಳಿಬಿಡುತ್ತಿದ್ದರೇನೋ, ಪ್ಯಾಂಟಾದ್ದರಿಂದ ಬೆಲ್ಟು ಸರಿಮಾಡಿಕೊಂಡರು.

"ಯಾಕ್ ಮಾವ ಎದ್ರಿ?"

"ಅದು ಕೇಳ್ತಾ ಐತಲ್ಲ."

"ಕೇಳಿದ್ರೆ?"

"ಕೇಳೋರ್ ಮುಂದೆ ಕಾಲು ನೀಡ್ಕಂಡ್ ಕೂತ್ಕಂತಾರಾ?"

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಹೆಲ್ಪ್‌ಡೆಸ್ಕಿನಲ್ಲಿದ್ದೆ. ಹೆಬ್ಬಗೋಡಿಯಲ್ಲಿ ರೂಮು. ದಿನಕ್ಕೆ ನಲವತ್ತು ಜನ ಫೋನು ಮಾಡಿ ಕಂಪ್ಯೂಟರನ್ನು ಬಾಯಿಗೆ ಬಂದ ಹಾಗೆ ಬೈಯುವುದನ್ನು ಕೇಳಿಸಿಕೊಂಡವಳು. ಅದಕ್ಕೆ ಮರ್ಯಾದೆ ಕೊಡುವ ಮನುಷ್ಯನನ್ನು ಅವತ್ತೇ ಕಂಡದ್ದು.

ಇನ್ನು ಆರಿಸುವ ವೈಭವ! ಮಾವ ಮೂರು ಲಕೋಟೆಗಳನ್ನೂ ಒಂದೊಂದಾಗಿ ನೋಡುವರು. ಆಮೇಲೆ ಹೊಂಗೆಮರ ನೋಡುವರು. ನಾನು ಹುರಿಹಿಟ್ಟಿನ ಡಬ್ಬಿ ತೆರೆದು, ಎರಡು ಹಿಡಿ ತಿಂದು, ಮುಚ್ಚಿಟ್ಟರೂ ಇನ್ನೂ ನೋಡುತ್ತಲೇ ಇದ್ದರು.

"ಯಾವುದಾದ್ರೂ ಒತ್ತಿ ಮಾವ. ಎಲ್ಲಾ ಒಂದೇ."

"ಒಂದೇನಾ? ಯಾರ್ ಯೋಳಿದ್ದು?" ಮಾವ ದನಿ ತಗ್ಗಿಸಿದರು. "ನೀಲಿ ಐತಲ್ಲ, ಅದು ನೀರಿನ ಮೇಲೆ ಓಗ್ತದೆ. ಕೆರೆ, ನದಿ, ಸಮುದ್ರ. ನಿಧಾನ, ಆದ್ರೆ ತಂಪಾಗ್ ಓಗ್ತದೆ. ಅಳದಿ ಒಲದ್ ಮೇಲೆ ಓಗೋದು. ಉಚ್ಚೆಳ್ಳು ಊ ಬಿಟ್ಟಿರ್ತದಲ್ಲ, ಅಂಥ ಒಲ. ಕೆಂಪು ಮಾತ್ರ ರೋಡಲ್ಲೇ, ಲಾರಿ ಇಂದೆ, ಒಗೆ ಕುಡ್ಕಂಡು. ಕೋಪ ಬಂದೋರ್ಗೆ ಕೆಂಪಲ್ ಕಳಿಸ್ತೀನಿ."

"ಮಾವ, ಮೂರೂ ಒಂದೇ ವೈರಲ್ಲಿ ಹೋಗೋದು!"

"ನೀನ್ ನೋಡಿದ್ಯಾ?"

ನಾನು ನೋಡಿರಲಿಲ್ಲ. ಮೂರು ವರ್ಷ ಹೆಲ್ಪ್‌ಡೆಸ್ಕಿನಲ್ಲಿ ಕೂತರೂ ಒಂದೇ ಒಂದು ಇ-ಮೇಲ್ ಹೋಗುವುದನ್ನು ನಾನು ಕಣ್ಣಾರೆ ನೋಡಿಲ್ಲ ಅನ್ನುವುದು ಆಗ ಹೊಳೆಯಿತು.

ಆ ಚೌಕದ ಕೆಳಗೆ ಇನ್ನೊಂದು ಸಾಲಿತ್ತು. ಈ ಆಯ್ಕೆಯನ್ನು ನೆನಪಿಟ್ಟುಕೊಳ್ಳಲೇ ಅಂತ. ಅಲ್ಲೊಂದು ಗುರುತು ಹಾಕಿಬಿಟ್ಟರೆ ಮುಗಿಯಿತು, ಮತ್ತೆ ಚೌಕ ಬರುವುದಿಲ್ಲ, ನೇರವಾಗಿ ಒಂದೇ ಪ್ರೋಗ್ರಾಂ ತೆರೆದುಕೊಳ್ಳುತ್ತದೆ. ಇದನ್ನು ತೋರಿಸಿ ಜಾಣೆ ಅನ್ನಿಸಿಕೊಳ್ಳೋಣ ಅಂತ ಮೌಸಿಗೆ ಕೈ ಹಾಕಿದೆ. ಮಾವ ನನ್ನ ಕೈ ಹಿಡಿದುಕೊಂಡರು.

"ಬ್ಯಾಡ. ನೆನಪಿಟ್ಕಂಡ್ರೆ ನಾಳೆ ಕೇಳಕಿಲ್ಲ."

"ಅದಕ್ಕೇ ಅಲ್ವಾ ಮಾವ ಅದಿರೋದು!"

"ನೋಡಮ್ಮಣ್ಣಿ, ದೇವಸ್ಥಾನಕ್ ಓಗಿ ನಾವು ಊ ಪ್ರಸಾದ ಕೇಳ್ತೀವಿ. ಬಲಗಡೆ ಬಿದ್ರೆ ಆಗ್ತದೆ, ಎಡಗಡೆ ಬಿದ್ರೆ ಆಗಕಿಲ್ಲ. ಗಂಟೆಗಟ್ಲೆ ಕಾಯ್ತೀವಿ. ಇಲ್ಲಿ ಇದು ನನ್ನ ಮುಂದೆ ನಿಂತ್ಕಂಡ್ ಕಾಯ್ತದೆ. ನಾನು ಬಲಕ್ಕಾದ್ರೂ ಕೊಡಬೌದು, ಎಡಕ್ಕಾದ್ರೂ ಕೊಡಬೌದು."

ದೇವರಿಗೆ ಎರಡೇ ದಿಕ್ಕು, ಮಾವನಿಗೆ ಮೂರು ಲಕೋಟೆ. ಈ ಭಾಗ್ಯ ಯಾರು ಬಿಟ್ಟುಕೊಡುತ್ತಾರೆ?

ಹಾಗಂತ ಮಾವ ಕೇಳಿದ್ದಕ್ಕೆಲ್ಲ ಸರಸರ ಉತ್ತರ ಕೊಡುತ್ತಾರೆ ಅಂದುಕೊಳ್ಳಬೇಡಿ. ಒಂದು ಸಲ ಗೊರಗುಂಟೆಪಾಳ್ಯದ ಹೋಟೆಲಿಗೆ ನನ್ನನ್ನು ಕರೆದುಕೊಂಡು ಹೋದರು. ಸಪ್ಲೈಯರ್ ಬಂದು ಇಡ್ಲಿಯಿಂದ ಹಿಡಿದು ಪೂರಿಸಾಗುವಿನವರೆಗೆ ಒಂದೇ ಉಸಿರಿನಲ್ಲಿ ಹೇಳಿದ. ಮಾವ ಕಣ್ಣು ಮುಚ್ಚಿಕೊಂಡು ಹರಿಕಥೆ ಕೇಳುವ ಹಾಗೆ ಪೂರ್ತಿ ಕೇಳಿ, ತೃಪ್ತಿಯಿಂದ ತಲೆದೂಗಿ, "ನೀರ್ ಕೊಡಪ್ಪ" ಅಂದರು. ಹೊಟ್ಟೆ ತುಂಬಿತ್ತೋ ಏನೋ ಅಂದಿರಾ? ನನ್ನ ಹೊಟ್ಟೆ ತುಂಬಿರಲಿಲ್ಲ!

ಅವರ ಕನಸು ಹೀಗೇ ನಡೆಯುತ್ತಿತ್ತು, ಹೊಸೂರಿನ ಒಂದು ಕಂಪನಿಯವರು ಮಾಲೀಕರಿಗೆ ಫೋನು ಮಾಡಿ ಕೂಗಾಡುವವರೆಗೆ. ತಿಂಗಳಾಯಿತು, ಮಾಲು ತಯಾರಾಗಿದೆಯೋ ಇಲ್ಲವೋ ಒಂದು ಅಕ್ಷರ ತಿಳಿಸಿಲ್ಲವಂತೆ. ಮಾಲೀಕರು ಮಾವನ ಮೇಜಿಗೆ ಬಂದರು.

"ಕಳ್ಸಿದೀನಿ ಸಾರ್," ಅಂದರು ಮಾವ. "ನೀಲೀಲಿ!"

"ಏನ್ರೀ ನೀಲೀಲಿ?"

"ಮರ್ಯಾದಸ್ತರು ಅಂತ ನೀಲೀಲಿ ಕಳಿಸ್ದೆ ಸಾರ್. ನಿಧಾನ ಆಗ್ತದೆ."

ಮಾಲೀಕರು ತಲೆ ಚಚ್ಚಿಕೊಂಡರು. ಇನ್ನೊಂದು ಸಲ ಹೀಗಾದರೆ ಕಂಪ್ಯೂಟರನ್ನೂ ಕಿಟಕಿಯನ್ನೂ ಬಿಟ್ಟು ಗೋದಾಮಿಗೆ ಹೋಗಿ ಚೀಲ ಹೊಲಿಯಬೇಕಾಗುತ್ತದೆ ಅಂತ ಹೇಳಿ, ನಿಮ್ಮ ತಂಗಿ ಮಗಳು ಕಂಪ್ಯೂಟರ್ ಬಲ್ಲವಳಲ್ಲವೇ, ಕರೆಸಿ ಅಂದರು. ಹೆಬ್ಬಗೋಡಿಯಿಂದ ಪೀಣ್ಯಕ್ಕೆ ಹೋಗುವುದು ಅಂದರೆ ಊರಿನ ಈ ತುದಿಯಿಂದ ಆ ತುದಿಗೆ. ಮೂರು ಬಸ್ಸು ಬದಲಿಸಿ, ಎರಡು ನಿದ್ದೆ ಮಾಡಿ, ತಲುಪಿದೆ.

ಹಳದಿ, ಕೆಂಪು ಸರಿಯಾಗಿದ್ದವು. ನೀಲಿ ಲಕೋಟೆ ತೆರೆದು ನೋಡಿದರೆ ಏನು ಹೇಳಲಿ! ಆ ಪ್ರೋಗ್ರಾಮನ್ನು ತುಂಬಿದ ಪುಣ್ಯಾತ್ಮ ಅದಕ್ಕೆ ಹೋಗುವ ದಾರಿಯನ್ನೇ ತೋರಿಸಿರಲಿಲ್ಲ. ಔಟ್‌ಬಾಕ್ಸ್ ಅನ್ನುವ ಜಾಗದಲ್ಲಿ ಮೂವತ್ತೇಳು ಕಾಗದ ಮುದುಡಿ ಕೂತಿದ್ದವು.

"ಮಾವ, ಇವು ಹೋಗೇ ಇಲ್ಲ!"

"ಓಗದೆ ಏನು? ಔಟ್ ಅಂತ್ಲೇ ಬರ್ದೈತಲ್ಲ."

"ಔಟಾಗಿವೆ ಸರಿ, ಆದ್ರೆ ಗ್ರೌಂಡ್ ಬಿಟ್ಟು ಹೋಗಿಲ್ಲ!"

ಒಂದೊಂದಾಗಿ ಓದಿದೆ. ಮಾವನದೇ ಇಂಗ್ಲಿಷು. ಹೊಸೂರಿನವರಿಗೆ ಬರೆದದ್ದರ ಸಾರಾಂಶ ಹೀಗಿತ್ತು: ಗೌರವಾನ್ವಿತರೇ, ದೇವರ ದಯೆಯಿಂದ ನಿಮ್ಮ ಸ್ಪ್ರಿಂಗುಗಳು ಕ್ಷೇಮವಾಗಿವೆ. ನಿನ್ನೆ ನಮ್ಮ ಕಡೆ ಸೋನೆಮಳೆ ಬಂತು. ನಿಮ್ಮ ಕಡೆಯೂ ಬಂದಿರಬೇಕು, ಯಾಕೆಂದರೆ ಮೋಡ ಆ ಕಡೆಯೇ ಹೋಯಿತು.

ನನಗೆ ನಗು ತಡೆಯಲಾಗಲಿಲ್ಲ. ಮಾವ ನಗಲಿಲ್ಲ. ಮೂವತ್ತೇಳು ಕಾಗದಗಳನ್ನೂ ನೋಡುತ್ತ, "ಎಲ್ಲಾ ತಲುಪಿರ್ತದೆ ಅಂದ್ಕಂಡಿದ್ದೆ," ಅಂದರು.

ನಾನು ಆ ಹೊತ್ತಿನಲ್ಲಿ ಹೆಲ್ಪ್‌ಡೆಸ್ಕಿನವಳು. ತೊಂದರೆ ಏನು? ಮೂರು ಪ್ರೋಗ್ರಾಮುಗಳಿವೆ. ಪರಿಹಾರ? ಒಂದೇ ಇರಲಿ. ಚೌಕ ಬಂದ ಕೂಡಲೇ ಹಳದಿಯನ್ನು ಆರಿಸಿ, ನೆನಪಿಡು ಅನ್ನುವಲ್ಲಿ ಗುರುತು ಹಾಕಿ, ಸರಿ ಅಂತ ಒತ್ತಿದೆ. ಐದು ನಿಮಿಷದ ಕೆಲಸ. ಇನ್ನು ಯಾವ ವಿಳಾಸ ಒತ್ತಿದರೂ ನೇರ ಹಳದಿ ಲಕೋಟೆ, ನೇರ ರವಾನೆ. ಮಾಲೀಕರು ಟೀ ತರಿಸಿದರು, ಬಿಸ್ಕತ್ತು ತರಿಸಿದರು, ನಮ್ಮ ಕಡೆಯ ಹೆಣ್ಣುಮಕ್ಕಳು ಎಷ್ಟು ಮುಂದುವರಿದಿದ್ದಾರೆ ಅಂತ ಒಂದು ಸಣ್ಣ ಭಾಷಣವನ್ನೂ ಮಾಡಿದರು. ಮಾವ ಕುರ್ಚಿಯಲ್ಲಿ ಕೂತೇ ಇದ್ದರು. ಅವರು ಏಳಲಿಲ್ಲ ಅನ್ನುವುದನ್ನು ನಾನು ಗಮನಿಸಲಿಲ್ಲ. ಬಿಸ್ಕತ್ತು ಚೆನ್ನಾಗಿತ್ತು.

ಎರಡು ವಾರ ಕಳೆದಿರಬೇಕು. ಅತ್ತೆ, ಅಂದರೆ ಮಾವನ ಹೆಂಡತಿ, ಫೋನು ಮಾಡಿದರು. ಅತ್ತೆ ಫೋನಿನಲ್ಲಿ ಮಾತಾಡಿದರೆ ಮೇಲಿನ ಬಾಡಿಗೆಯವರಿಗೂ ಕೇಳಿಸುತ್ತದೆ. ಅವರ ಮಾಳಿಗೆಯ ರೂಮುಗಳಲ್ಲಿ ಕೊಪ್ಪಳ, ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದವರು ಇದ್ದಾರೆ. ಅತ್ತೆಯ ಫೋನು ಮುಗಿದ ಮೇಲೆ ಅವರೂ ನನ್ನ ಯೋಗಕ್ಷೇಮ ವಿಚಾರಿಸುತ್ತಾರೆ.

"ಅಮ್ಮಣ್ಣಿ, ನಿಮ್ಮ ಮಾವನ ಕಿವಿ ಓಯ್ತು ಕಣವ್ವ!"

"ಏನಾಯ್ತು ಅತ್ತೆ?"

"ಎಂಟ್ ದಿನದಿಂದ ಉಣ್ಣಾಕ್ ಕೂತ್ರೂ ಕೇಳ್ತಾ ಇಲ್ಲ, ಮಲಗಾಕೋದ್ರೂ ಕೇಳ್ತಾ ಇಲ್ಲ ಅಂತ ಗೊಣಗ್ತಾವ್ರೆ. ನೆಲಮಂಗಲಕ್ ಕರ್ಕಂಡೋಗಿ ಕಿವಿ ತೋರಿಸ್ಕಂಡ್ ಬಂದೆ. ಡಾಕ್ಟ್ರು ಇಷ್ಟ್ ದಪ್ಪ ಗುಗ್ಗೆ ತೆಗುದ್ರು. ಈಗ ನಾನ್ ಅಡುಗೆಮನೇಲಿ ಪಿಸುಗುಟ್ಟಿದ್ರೂ ತಿರುಗ್ ನೋಡ್ತಾರೆ. ಆದ್ರೂ ಕೇಳ್ತಾ ಇಲ್ಲ ಅಂತಾರಲ್ಲಾ!"

ನನಗೂ ಅರ್ಥವಾಗಲಿಲ್ಲ. ಸಿಲ್ಕ್ ಬೋರ್ಡಿನ ಹತ್ತಿರ ಬಸ್ಸು ಅರ್ಧ ಗಂಟೆ ನಿಂತಾಗ, ಯೋಚಿಸಲು ಬೇರೇನೂ ಇಲ್ಲದೆ ಯೋಚಿಸುವಾಗ, ಥಟ್ಟನೆ ಹೊಳೆಯಿತು. ಮಾವನಿಗೆ ಕೇಳುತ್ತಿದೆ. ಮಾವನನ್ನು ಕೇಳುತ್ತಿಲ್ಲ! ಒಂದೇ ಮಾತು ನಮ್ಮ ಭಾಷೆಯಲ್ಲಿ ಎರಡು ಕೆಲಸ ಮಾಡುತ್ತದೆ, ಪಾಪ ಕಿವಿ ಡಾಕ್ಟರಿಗೆ ಅರ್ಧವಷ್ಟೇ ಸಿಕ್ಕಿತು.

ಭಾನುವಾರ ಮಾಕಳಿಗೆ ಹೋದೆ. ಮಾವ ಮಾಳಿಗೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಕಣ್ಣು ಆಕಾಶದ ಕಡೆ ಇರಲಿಲ್ಲ, ಮರದ ಕಡೆಯೂ ಇರಲಿಲ್ಲ. ಚಾಪೆಯನ್ನೇ ನೋಡುತ್ತಿದ್ದರು. ಅದು ನನಗೆ ಹೆದರಿಕೆ ಹುಟ್ಟಿಸಿತು. ಅತ್ತೆ ಆಚೆ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಕೆಲಸ ಸಲೀಸಾಗಿ ಆಗ್ತಿದೆಯಾ ಮಾವ?"

"ಆಗ್ತೈತೆ. ಒತ್ತುತೀನಿ, ಅಳದಿ ಬರ್ತದೆ. ಒತ್ತುತೀನಿ, ಅಳದಿ ಬರ್ತದೆ. ನಾನೇ ಇರಬೇಕಾಗಿಲ್ಲ ಅಲ್ಲಿ."

ಆಮೇಲೆ ಮಾವ ತಾವಾಗಿಯೇ ಹೇಳಿದರು. "ಇಸ್ಕೂಲ್ ಬಿಡಿಸ್ದಾಗ ನಮ್ಮಪ್ಪ ನನ್ನ ಕೇಳಲಿಲ್ಲ. ಫ್ಯಾಕ್ಟ್ರಿಗೆ ಸೇರಿಸ್ದಾಗ ಕೇಳಲಿಲ್ಲ. ಒಲ ರೋಡಿಗೋದಾಗ ಕೇಳಲಿಲ್ಲ. ಡಿಸ್ಪ್ಯಾಚ್‌ಗೆ ಆಕ್ದಾಗ ಕೇಳಲಿಲ್ಲ. ಮದುವೇನೂ ಅಷ್ಟೇ, ಒಂದಿನ ಬಂದು ಪೇಟ ಇಟ್ರು. ಬೇಜಾರಂತಲ್ಲ ಅಮ್ಮಣ್ಣಿ, ಎಲ್ಲಾ ಚೆನ್ನಾಗೇ ಆಯ್ತು. ಆದ್ರೆ ಐವತ್ತೈದು ವರ್ಸಕ್ಕೆ ಒಂದು ವಸ್ತು, ದಿನಾ, ಯಾವುದ್ ಬೇಕು ಅಂತ ನನ್ನ ಕೇಳ್ತಾ ಇತ್ತು."

ಮೂಲೆಯಿಂದ ಅತ್ತೆ ಕೈಯಲ್ಲಿದ್ದ ಸಿಪ್ಪೆಯನ್ನು ಬೀಸಿ ಎಸೆದು ನಕ್ಕರು.

"ಅಯ್ಯ, ನನ್ನನ್ನೇನು ಬಂದ್ ಬಂದ್ ಕೇಳಿದ್ರಾ ಎಲ್ಲಾರೂ?"

ತಮಾಷೆಗೆ ಅಂದ ಮಾತು. ಅಂದವರೇ ಮರೆತು ಮೊರ ಎತ್ತಿಕೊಂಡು ಕೆಳಗೆ ಹೋದರು. ಮಾವ ಮಾತ್ರ ಅವರು ಇಳಿದುಹೋದ ಮೆಟ್ಟಿಲನ್ನು ಬಹಳ ಹೊತ್ತು ನೋಡಿದರು.

ಮಾರನೇ ದಿನ ರಜ ಹಾಕಿ ಫ್ಯಾಕ್ಟರಿಗೆ ಹೋದೆ. ಮಾಲೀಕರು ಎಲ್ಲಾ ಸರಿಯಿದೆಯಲ್ಲಮ್ಮ ಅಂದರು. ಸರಿಯಿಲ್ಲ ಸಾರ್ ಅಂದೆ. ಆಮೇಲೆ ಮಾವನ ಕಡೆ ತಿರುಗಿ, ಮೂರು ವರ್ಷದಲ್ಲಿ ಫೋನು ಮಾಡಿದ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದೆ.

"ಮಾವ, ನಿಮಗೆ ಹೇಗೆ ಬೇಕು?"

ಮಾವ ತಬ್ಬಿಬ್ಬಾದರು. ಬೆಲ್ಟು ಸರಿಮಾಡಿಕೊಂಡರು. "ಮೂರೂ ಇರ್ಲಿ. ಮೂರೂ ತಲುಪೋ ಅಂಗಿರ್ಲಿ," ಅಂದರು.

ಬ್ರೌಸರಿನ ಸೆಟ್ಟಿಂಗ್ಸಿಗೆ ಹೋಗಿ, ಮೇಲ್ ಅನ್ನುವ ಸಾಲಿನ ಎದುರು ಯಾವಾಗಲೂ ಕೇಳು ಅಂತ ಬದಲಿಸಿದೆ. ಅದು ಅರ್ಧ ನಿಮಿಷ. ನೀಲಿ ಲಕೋಟೆಗೆ ದಾರಿ ತೋರಿಸಲು ಮಧ್ಯಾಹ್ನದ ಊಟದ ಹೊತ್ತಾಯಿತು. ಕೊನೆಗೆ ಔಟ್‌ಬಾಕ್ಸಿನಲ್ಲಿದ್ದ ಕಾಗದಗಳನ್ನು ಏನು ಮಾಡಲಿ ಅಂತ ಕೇಳಿದೆ. ಕಳಿಸು ಅಂದರು. ಒಂದೊಂದಾಗಿ ಮೂವತ್ತೇಳೂ ಹೊರಟವು. ಮಾವ ಪರದೆ ನೋಡಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದರು. ಅವರು ಏನು ಕಂಡರೋ! ನನಗೂ ಒಂದು ಗಳಿಗೆ, ಹೊಂಗೆಮರದ ಮೇಲಿನಿಂದ ಏನೋ ನೀಲಿಯದು ಸಾಲಾಗಿ ಹೋದ ಹಾಗೆ ಅನ್ನಿಸಿತು ಅಂದರೆ ನೀವು ನಂಬಬೇಕಾಗಿಲ್ಲ. ಹೊಸೂರಿನವರು ಮಾತ್ರ ಮರುದಿನವೇ ಉತ್ತರ ಬರೆದಿದ್ದರಂತೆ: ನಮ್ಮ ಕಡೆಯೂ ಮಳೆ ಬಂದಿತ್ತು.

ಇದಾದ ಒಂದು ತಿಂಗಳಿಗೆ ಮತ್ತೊಂದು ಭಾನುವಾರ ಮಾಕಳಿಯಲ್ಲಿ ಊಟ ಮುಗಿಸಿ ಹೊರಟೆ. ಇಳಿಹೊತ್ತು. ನನ್ನನ್ನು ಬಸ್ಸು ಹತ್ತಿಸಲು ಮಾವ, ಅತ್ತೆ ಇಬ್ಬರೂ ರಸ್ತೆಯವರೆಗೆ ಬಂದರು. ಮಾವ ಮುಂದೆ, ಅತ್ತೆ ನಾಲ್ಕು ಹೆಜ್ಜೆ ಹಿಂದೆ, ಯಾವಾಗಲೂ ನಡೆಯುವ ಹಾಗೆ. ಸ್ಟಾಪಿನಲ್ಲಿ ನಿಂತೆವು. ಮಾವ ಎಂದಿನಂತೆ ಎಲ್ಲೋ ನೋಡುತ್ತಿದ್ದರು. ಹಾಗೆ ನೋಡುತ್ತಲೇ ಕೇಳಿದರು.

"ಈಗ ಎಲ್ಲಿಗಾದ್ರೂ ಓಗಬೌದು ಅಂದ್ರೆ, ನೀನ್ ಎಲ್ಲಿಗೋಗ್ತೀಯ?"

ನಾನು ಹೆಬ್ಬಗೋಡಿಗೆ ಅನ್ನಲು ಬಾಯಿ ತೆರೆದೆ. ಮಾವ ನನ್ನ ಕಡೆ ತಿರುಗಿರಲಿಲ್ಲ. ಅತ್ತೆ ತಮ್ಮ ಹಿಂದೆ ಯಾರಾದರೂ ಇದ್ದಾರೆಯೇ ಅಂತ ತಿರುಗಿ ನೋಡಿದರು. ಯಾರೂ ಇರಲಿಲ್ಲ.

"ಯಾರ್ನ ಕೇಳ್ತಾ ಇದೀರ?"

"ನಿನ್ನೇ."

"ನನ್ನಾ? ಯಾಕೆ? ಏನಾಯ್ತು?"

"ಏನಿಲ್ಲ. ಕೇಳ್ದೆ."

ಅತ್ತೆಯ ದೊಡ್ಡ ದನಿ ಎಲ್ಲಿ ಹೋಯಿತೋ ಕಾಣೆ. ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ನನ್ನ ಬಸ್ಸು ಬಂತು. ಕಂಡಕ್ಟರ್ ಬೇಗ ಹತ್ತಮ್ಮ ಅಂತ ಕೂಗಿದ. ನಾನು ಹತ್ತಲಿಲ್ಲ. ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಮಾವ ಅವಸರ ಮಾಡಲಿಲ್ಲ, ಯಾವುದಾದರೂ ಹೇಳು ಅನ್ನಲಿಲ್ಲ, ಎದುರಿಗೆ ನಿಂತು ಕಾದರು. ಮೂವತ್ತು ವರ್ಷ ಜೊತೆಗೆ ಬಾಳಿದ ಇಬ್ಬರು ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಒರೆಸಿಕೊಳ್ಳುತ್ತಲೇ ನಕ್ಕರು.

"ಗೊತ್ತಾಗ್ತಾ ಇಲ್ಲ ಕಣ್ರೀ," ಅಂದರು. "ಇನ್ನೊಂದ್ಸಲ ಕೇಳಿ."

ಮಾವ ಇನ್ನೊಂದು ಸಲ ಕೇಳಿದರು.